ಮುತ್ಯಾ ಅಂದ್ರೆ ಮುತ್ತಾತ ಅಲ್ವಾ?

ಈ ಪ್ರಶ್ನೆ ಕೇಳಿದವರು ನಮ್ಮ ಬೀಗರು. 2021ರ ಮಾರ್ಚ್‌ನಲ್ಲಿ, ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಕೊರೊನಾ ಕಾಲ. ಬೆಂಗಳೂರಿನ ಫ್ಲ್ಯಾಟಿನ ಹಾಲ್‌ನಲ್ಲಿ ಎರಡೂ ಕಡೆಯವರು ಸೇರಿ ಹದಿನಾಲ್ಕು ಜನ ಇದ್ದೆವು. ನಮ್ಮ ಯಜಮಾನರು ತೊಟ್ಟಿಲ ಮೇಲೆ ಬಾಗಿ, "ಏ ತಂಗೀ, ಕಣ್ಣ ತಗಿ, ಮುತ್ಯಾ ಬಂದಾನ ನೋಡು" ಅಂದರು. ಪಕ್ಕದಲ್ಲಿದ್ದ ಬೀಗರು, "ಮುತ್ಯಾ ಅಂದ್ರೆ ಮುತ್ತಾತ ಅಲ್ವಾ? ನೀವು ತಾತ. ಈಗಲೇ ಯಾಕೆ ಅಷ್ಟು ವಯಸ್ಸು ಮಾಡ್ಕೊಂತೀರಾ" ಅಂದರು.

ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಅವರದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಅಲ್ಲಿ ಅಪ್ಪನ ಅಪ್ಪ ತಾತ, ತಾತನ ಅಪ್ಪ ಮುತ್ತಾತ. ಅವರ ಕಿವಿಗೆ ಹಾಗೇ ಕೇಳಿಸಿತು. ಎಲ್ಲರೂ ನಕ್ಕರು. ಆದರೆ ಹಿಂದಿನಿಂದ ಯಾರೋ, "ಹಳ್ಳಿ ಕಡೆ ಮಾತು, ನಾಳೆ ಸ್ಕೂಲಲ್ಲಿ ಮಗೂನ ನೋಡಿ ನಗ್ತಾರೆ" ಅಂದರು. ಅದು ನನ್ನ ಎದೆಗೆ ತಾಕಿತು. ಯಜಮಾನರು ಏನೂ ಅನ್ನಲಿಲ್ಲ. ತೊಟ್ಟಿಲಿನಿಂದ ಕೈ ತೆಗೆದು ಹೋಗಿ ಬಾಲ್ಕನಿಯಲ್ಲಿ ನಿಂತರು.

ಇಷ್ಟಕ್ಕೆಲ್ಲ ಯಾಕೆ ಬೇಜಾರು ಅಂತ ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಿನದನ್ನು ಹೇಳಬೇಕು.

ನಮ್ಮ ಬಿಜಾಪುರದ ಕಡೆ ಅಪ್ಪನ ಅಪ್ಪನೂ ಮುತ್ಯಾ, ಅವ್ವನ ಅಪ್ಪನೂ ಮುತ್ಯಾ. 2014ರಲ್ಲಿ ಊರಿನ ಹೆಸರು ವಿಜಯಪುರ ಆಯಿತು, ಮನೆಮಾತಿನಲ್ಲಿ ನಮಗೆ ಇನ್ನೂ ಬಿಜಾಪುರವೇ. ಕಲಬುರಗಿ ಕಡೆಯೂ ಮುತ್ಯಾ ಅನ್ನುತ್ತಾರೆ. ಮುದಿ, ಮುದುಕ ಅನ್ನುವ ಮಾತುಗಳ ಬಳಗದ್ದೇ ಇದು. ಆದರೆ ನಮ್ಮಲ್ಲಿ ಅದು ಬರೀ ವಯಸ್ಸಿನ ಮಾತಲ್ಲ. ದೊಡ್ಡವರು, ದೈವದಂಥವರು ಅನ್ನುವ ಅರ್ಥವೂ ಅದರಲ್ಲಿದೆ. ಬಬಲಾದಿಯ ಸದಾಶಿವ ಮುತ್ಯಾನ ಹೆಸರು ಕೇಳದವರು ನಮ್ಮ ಕಡೆ ಸಿಗುವುದಿಲ್ಲ. ಮಲಯಾಳಿಗಳು ತಾತನಿಗೆ ಮುತ್ತಶ್ಶನ್ ಅನ್ನುತ್ತಾರೆ. ಮಗಳ ಎದುರುಮನೆಯವರು ಮಲಯಾಳಿಗಳು. ಅವರ ಮನೆಯ ಮಗು "ಮುತ್ತಶ್ಶಾ" ಅಂತ ಕೂಗಿದಾಗಲೆಲ್ಲ ಯಜಮಾನರು ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು.

ಇನ್ನೊಂದು ವಿಷಯ ಬೀಗರಿಗೆ ಗೊತ್ತಿರಲಿಲ್ಲ. ಯಜಮಾನರಿಗೆ ಅವರ ಮುತ್ಯಾನ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ಹಿಂದೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ, ಮಾವನ ಹೆಸರೂ ಹೇಳುತ್ತಿರಲಿಲ್ಲ. ಮದುವೆ, ಸೀಮಂತದಲ್ಲಿ ಎಲ್ಲರೂ ಬಲವಂತ ಮಾಡಿದರೆ ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಿದ್ದರು, ಅಷ್ಟೇ. ಹಾಗಿದ್ದಾಗ ನಮ್ಮ ಅತ್ತೆ ಏನು ಮಾಡಬೇಕು? ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಮಾವನ ಹೆಸರು! ಅವರು ಮಗನನ್ನು ತೊಟ್ಟಿಲಲ್ಲಿದ್ದಾಗಿನಿಂದ "ಮುತ್ಯಾ" ಅಂತಲೇ ಕರೆದರು. ನಾನು ಮದುವೆಯಾಗಿ ಆ ಮನೆಗೆ ಹೋದಾಗ ಯಜಮಾನರಿಗೆ ಇಪ್ಪತ್ತಾರು ವರ್ಷ. ಅಡುಗೆಮನೆಯಿಂದ ಅತ್ತೆ, "ಮುತ್ಯಾ, ರೊಟ್ಟಿ ಆಗ್ಯಾವ ಬಾ" ಅಂತ ಕೂಗಿದರೆ ಇವರು "ಬಂದೆ ಯವ್ವಾ" ಅನ್ನುತ್ತಿದ್ದರು. ಅತ್ತೆ 2016ರಲ್ಲಿ ಹೋದರು. ಆಮೇಲೆ ಆ ಹೆಸರಿನಿಂದ ಇವರನ್ನು ಕರೆಯುವವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.

ಮೊಮ್ಮಗಳು ಹುಟ್ಟಿದಾಗ ಇವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಹೇಳದೇ ಗೊತ್ತಿತ್ತು.

ಇನ್ನು ನನ್ನ ವಿಷಯ. ನಮ್ಮಲ್ಲಿ ತಾಯಿಗೆ ಅವ್ವ ಅನ್ನುತ್ತೇವೆ. ಅಜ್ಜಿಗೆ ಕೆಲವು ಮನೆಗಳಲ್ಲಿ ಅಮ್ಮ, ಕೆಲವು ಮನೆಗಳಲ್ಲಿ ಆಯಿ. ನನ್ನ ಅಜ್ಜಿ ನನಗೆ ಅಮ್ಮ. ಬೀಗರ ಮನೆಯಲ್ಲಿ ಮಾತು ತೆಲುಗು. ಅವರಲ್ಲಿ ತಾಯಿ ಅಮ್ಮ, ಅಜ್ಜಿ ಅವ್ವ. ಅಂದರೆ ಎರಡೇ ಮಾತು, ಎರಡು ಮನೆಗಳಲ್ಲಿ ಪೂರಾ ಅದಲುಬದಲು. ನಮ್ಮ ತಾಯಿ ಅವರ ಅಜ್ಜಿ, ನಮ್ಮ ಅಜ್ಜಿ ಅವರ ತಾಯಿ.

ನಾನು ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಪಾಠ ಮಾಡಿದವಳು. ಅವ್ವ ಅನ್ನುವ ಮಾತು ಎಷ್ಟು ಹಳೆಯದು, ಎಷ್ಟು ದೂರ ಹಬ್ಬಿದ್ದು ಅಂತ ಗೊತ್ತು. ತಮಿಳಿನ ಹಳೆಯ ಕವಯಿತ್ರಿ ಅವ್ವೈಯಾರ್ ಹೆಸರಿನಲ್ಲಿ ಇರುವುದೂ ಅದೇ, ಹಿರಿಯಳು ಅನ್ನುವ ಗೌರವ. ಸವದತ್ತಿ ಗುಡ್ಡದ ದೇವಿ ಯಲ್ಲವ್ವ. ನಮ್ಮ ಕಡೆ ಎರಡು ವರ್ಷದ ಹೆಣ್ಣುಮಗುವನ್ನೂ "ಬಾರವ್ವಾ" ಅಂತಲೇ ಎತ್ತಿಕೊಳ್ಳುತ್ತೇವೆ. ಇದೆಲ್ಲ ಗೊತ್ತಿದ್ದರೂ, ನನ್ನ ಸ್ವಂತ ಮನೆಗೆ ಬಂದಾಗ ಅವ್ವ ಅಂದರೆ ನನಗೆ ಒಬ್ಬಳೇ. 2003ರಲ್ಲಿ ತೀರಿಹೋದ ನನ್ನ ತಾಯಿ. ಆಮೇಲೆ ನನ್ನ ಮಗಳ ಬಾಯಲ್ಲಿ ಆ ಮಾತು ನನ್ನದಾಯಿತು.

ಮಗು ನನ್ನನ್ನು ಅಮ್ಮ ಅನ್ನಲಿ ಅಂತ ಆಸೆ ಇತ್ತು. ಆದರೆ ಬೆಂಗಳೂರಿನಲ್ಲಿ ಅದು ಮಗಳ ಹೆಸರು. ಅದನ್ನು ಕೇಳುವುದು ಸರಿಯಲ್ಲ. ನನಗೆ ಆಯಿ ಸಾಕು ಅಂದೆ.

ಅಳಿಯ ಒಳ್ಳೆಯ ಹುಡುಗ. ಯಾರಿಗೂ ನೋವಾಗಬಾರದು ಅಂತ ಅವನೇ ಒಂದು ದಾರಿ ಹುಡುಕಿದ. "ಅತ್ತೆ, ಎರಡೂ ಕಡೆ ತಾತ-ಅಜ್ಜಿ ಅಂತಲೇ ಇಟ್ಕೊಳ್ಳೋಣ. ಶ್ರೀನಿವಾಸಪುರ ತಾತ, ಬಿಜಾಪುರ ತಾತ. ಮಗೂಗೂ ಸುಲಭ" ಅಂದ. ಮಗಳೂ ಒಪ್ಪಿದಳು. ಅವಳಿಗೆ ಆಗ ನಿದ್ದೆ ಇಲ್ಲ, ಹಾಲು ಸಾಲುತ್ತಿಲ್ಲ ಅನ್ನುವ ಚಿಂತೆ. ಯಾರಾದರೂ ಏನಾದರೂ ತೀರ್ಮಾನ ಮಾಡಿ ಸುಮ್ನೆ ಬಿಟ್ಟರೆ ಸಾಕಿತ್ತು.

ನಾವು ಊರಿಗೆ ಬಂದೆವು. ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್. ಮಗಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡು, ಬಿಜಾಪುರ ತಾತ" ಅನ್ನುತ್ತಿದ್ದಳು. ಮೂರ್ನಾಲ್ಕು ದಿನ ಇವರು ಫೋನಿನ ಮುಂದೆ ಕೂತರು. ಆಮೇಲೆ ಏಳು ಗಂಟೆಗೆ ಸರಿಯಾಗಿ ದನಕ್ಕೆ ನೀರು ಹಾಕಲು, ಮೋಟರ್ ನೋಡಲು ಎದ್ದು ಹೋಗತೊಡಗಿದರು. ಇಂಡಿ ಕಡೆ ನಮ್ಮದು ನಿಂಬೆ ತೋಟ. ತೋಟದಲ್ಲಿ ಕೆಲಸ ಹುಡುಕಿದರೆ ಮುಗಿಯುವುದಿಲ್ಲ. ನಾನು ಒಂದು ದಿನ ಕೇಳಿಯೇ ಬಿಟ್ಟೆ. "ಆ ಕೂಸು ತಾತ ಅಂದ್ರ ಯಾರನೋ ಕರದಂಗ ಆಗ್ತದ. ನನಗಲ್ಲ ಅನಸ್ತದ" ಅಂದರು. ಅಷ್ಟು ಹೇಳಿ ಟಾರ್ಚ್ ತೊಗೊಂಡು ಹೊರಗೆ ಹೋದರು.

ನಾನು ಮಗಳ ಮೇಲೆ ಸಿಟ್ಟಾದೆ. ಫೋನಿನಲ್ಲಿ ಜೋರಾಗಿಯೇ ಅಂದೆ. "ನಿಮ್ಮಪ್ಪಗ ಮುತ್ಯಾ ಅನ್ನಾಕ ನಿನಗ ನಾಚಿಕಿ ಬರ್ತದೇನ?" ಅವಳು ಅತ್ತಳು. "ಅವ್ವಾ, ನಾ ಇಬ್ಬರ ನಡುವ ಸಿಕ್ಕೇನಿ. ಇಲ್ಲಿ ನಾ ಮುತ್ಯಾ ಅಂದ್ರೂ, ಮನ್ಯಾಗ ಉಳಿದವರೆಲ್ಲ ತಾತ ಅಂತಾರ. ಕೂಸು ಯಾವುದು ಕಲೀತದ?" ಅಂದಳು. ಆ ದಿನ ನನಗೆ ಅದು ನೆಪ ಅನ್ನಿಸಿತು. ಅವಳು ನಿಜವನ್ನೇ ಹೇಳುತ್ತಿದ್ದಳು ಅಂತ ತಿಳಿಯಲು ಒಂದೂವರೆ ವರ್ಷ ಬೇಕಾಯಿತು.

2022ರ ಮೇನಲ್ಲಿ ನಾನು ನಿವೃತ್ತಳಾದೆ. ಆ ವರ್ಷದ ಕೊನೆಗೆ ಮಗಳ ಆಫೀಸಿನವರು ಮನೆಯಿಂದ ಕೆಲಸ ಸಾಕು, ಬನ್ನಿ ಅಂದರು. ಮಗುವನ್ನು ನೋಡಿಕೊಳ್ಳಲು ನಾನು ಡಿಸೆಂಬರ್ ಮೊದಲ ವಾರ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದೆ. ಬೀಗಿತ್ತಿಯೂ ಶ್ರೀನಿವಾಸಪುರದಿಂದ ಬಂದಿದ್ದರು. ಒಂದು ಅಡುಗೆಮನೆ, ಇಬ್ಬರು ಹೆಂಗಸರು, ಒಂದು ಮಗು. ಎರಡು ತಿಂಗಳು.

ಮೊದಲ ವಾರ ಕಷ್ಟವೇ ಆಯಿತು. ಮಗುವಿಗೆ ಇಪ್ಪತ್ತೆರಡು ತಿಂಗಳು, ಮಾತು ಬರುತ್ತಿದ್ದ ಹೊತ್ತು. ಮಗಳು ದಿನಾ ಫೋನಿನಲ್ಲಿ "ಅವ್ವಾ" ಅಂತ ನನ್ನನ್ನು ಕರೆಯುವುದನ್ನು ಕೇಳಿ ಕೇಳಿ, ಅದೂ ನನ್ನನ್ನು ನೋಡಿದ ಕೂಡಲೇ "ಅವ್ವಾ" ಅಂತ ಎರಡೂ ಕೈ ಚಾಚಿತು. ನಾನು ಎತ್ತಿಕೊಂಡೆ. ಅದರ ಹಿಂದೆ ಬೀಗಿತ್ತಿ ಹಾಲಿನ ಲೋಟ ಹಿಡಿದು ನಿಂತಿದ್ದರು. ಅವರ ಮುಖ ಒಂದು ಕ್ಷಣ ಬಾಡಿದ್ದನ್ನು ನಾನು ನೋಡಿದೆ. ಯಾಕೆ ಅಂತ ತಿಳಿಯಲಿಲ್ಲ. ಅವರನ್ನು ಮಗು ಅಜ್ಜಿ ಅನ್ನುತ್ತಿತ್ತು.

ತಿಳಿದದ್ದು ಅವರೆಕಾಯಿ ಹಿತುಕುವಾಗ.

ಡಿಸೆಂಬರ್ ಅಂದರೆ ಕೋಲಾರದವರಿಗೆ ಅವರೆಕಾಯಿ. ಬೀಗಿತ್ತಿ ಊರಿನಿಂದ ಒಂದು ಚೀಲ ತರಿಸಿದ್ದರು. ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕುತ್ತಾರೆ. ಬೆಳಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಬೇಕು. ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬೀಳುತ್ತದೆ. ನನಗೆ ಈ ಕೆಲಸ ಹೊಸದು. ನಾನು ಒತ್ತಿದರೆ ಬೇಳೆ ಸೋಫಾ ಕೆಳಗೆ ಹಾರುತ್ತಿತ್ತು. ಮಗು ಓಡಿಹೋಗಿ ಹೆಕ್ಕಿಕೊಂಡು ಬರುತ್ತಿತ್ತು. "ಅಕ್ಕಾ, ಕಾಳಿನ ಬಾಯಿ ಬಟ್ಟಲ ಕಡೆ ಇಟ್ಕೊಳ್ಳಿ, ಹಿಂದೆಯಿಂದ ಒತ್ತಿ" ಅಂತ ಬೀಗಿತ್ತಿ ನನ್ನ ಕೈ ಹಿಡಿದು ತೋರಿಸಿದರು. ಆ ಸೊಗಡು ಎರಡು ದಿನ ಬೆರಳಿನಿಂದ ಹೋಗಲಿಲ್ಲ.

ಇಬ್ಬರೂ ಎರಡು ತಾಸು ಕೂತಿದ್ದೆವು. ಕೈ ಕೆಲಸದಲ್ಲಿದ್ದರೆ ಮಾತು ಸಲೀಸಾಗಿ ಬರುತ್ತದೆ, ಅಲ್ವಾ? ನಾನು ಅತ್ತೆಯ ಕತೆ ಹೇಳಿದೆ. ಮಾವನ ಹೆಸರಿಟ್ಟ ಮಗನನ್ನು ಅವರು ಮುತ್ಯಾ ಅಂತ ಕರೆದದ್ದು, 2016ರ ಆಮೇಲೆ ಯಾರೂ ಹಾಗೆ ಕರೆಯದೇ ಇದ್ದದ್ದು. ಬೀಗಿತ್ತಿಯ ಕೈ ನಿಂತಿತು.

"ನಮಗೆ ಗೊತ್ತೇ ಇರಲಿಲ್ಲ ಅಕ್ಕಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಂದೂ ಒಂದಿದೆ" ಅಂದರು.

ಅವರಿಗೆ ಮೂರು ವರ್ಷ ಇದ್ದಾಗ ತಾಯಿ ತೀರಿಹೋದರಂತೆ. ಸಾಕಿದ್ದು ಅಜ್ಜಿ. ಅವರ ಅವ್ವ. ಮದುವೆಯಾಗಿ ಗಂಡ ಕೆಲಸದಲ್ಲಿದ್ದಷ್ಟು ಕಾಲ ಬೆಂಗಳೂರಿನಲ್ಲಿ ಮನೆ ಮಾಡಿದರು. ಮಕ್ಕಳೂ ಆ ಅಜ್ಜಿಯನ್ನೇ ಅವ್ವ ಅನ್ನಲು ಶುರುಮಾಡಿದಾಗ ನೆಂಟರೊಬ್ಬರು, ಅವ್ವ ಅಂದ್ರೆ ಹಳ್ಳಿಯವರ ಥರ ಇರುತ್ತೆ, ಅಜ್ಜಿ ಅನ್ನಿಸಿ ಅಂದರಂತೆ. ಇವರು ಆಗ ಚಿಕ್ಕವರು, ಎದುರು ಮಾತಾಡಲಿಲ್ಲ. ಮಕ್ಕಳು ಅಜ್ಜಿ ಅಂತಲೇ ಕಲಿತರು. "ನಮ್ಮವ್ವ ಅದನ್ನ ಕೇಳಿಸ್ಕೊಂಡು ಏನೂ ಅನ್ನಲಿಲ್ಲ. ನನಗೆ ಮೊಮ್ಮಕ್ಕಳಾದ್ರೆ ನಾನು ಅವ್ವ ಆಗ್ಬೇಕು ಅಂದ್ಕೊಂಡಿದ್ದೆ. ಆದ್ರೆ ಸೊಸೆ ನಿಮ್ಮನ್ನ ಅವ್ವ ಅಂತಾಳೆ. ಅದನ್ನ ನಾನು ಹೇಗೆ ಕೇಳೋದು?"

ತೊಟ್ಟಿಲ ದಿನ ನಾವು ಕೇಳಿದ ಅದೇ ಮಾತು. ಹಳ್ಳಿ ಕಡೆ ಮಾತು. ಇವರು ಅದನ್ನು ಮೂವತ್ತು ವರ್ಷ ಮೊದಲೇ ಕೇಳಿಸಿಕೊಂಡಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳು ಅತ್ತುಕೊಂಡು ಹೇಳಿದ್ದು ನೆನಪಾಯಿತು. ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳನ್ನು ನೋಡಿದವಳು ನಾನು. ಮಗು ತನಗೆ ಹೇಳಿಕೊಟ್ಟದ್ದಕ್ಕಿಂತ ತನ್ನ ಸುತ್ತ ಆಡುವುದನ್ನು ಬೇಗ ಹಿಡಿಯುತ್ತದೆ. ಯಜಮಾನರು ಫೋನಿನ ಮುಂದೆ ಕೂತು "ನಾ ಮುತ್ಯಾ, ನಾ ಮುತ್ಯಾ" ಅಂತ ನೂರು ಸಲ ಹೇಳಿದರೂ ಆಗುವುದಿಲ್ಲ. ಆ ಮನೆಯಲ್ಲಿ ದಿನಾ ಇರುವವರು, "ಮುತ್ಯಾ ಫೋನ್ ಮಾಡಿದ್ರು", "ಇದು ಮುತ್ಯಾ ಕಳಿಸಿದ ನಿಂಬೆಹಣ್ಣು" ಅಂತ ಮಗುವಿನ ಎದುರು ಸಹಜವಾಗಿ ಅನ್ನಬೇಕು. ಅಂದರೆ ನಮ್ಮ ಹೆಸರನ್ನು ಮಗುವಿನ ಬಾಯಿಗೆ ಇಡುವವರು ನಾವಲ್ಲ, ಬೀಗರು. ಅವರ ಹೆಸರನ್ನು ಇಡಬೇಕಾದವರು ನಾವು. ಇಷ್ಟು ದಿನ ಎರಡೂ ಕಡೆಯವರು ತಮ್ಮ ತಮ್ಮ ಹೆಸರನ್ನೇ ಹಿಡಿದುಕೊಂಡು ಕೂತಿದ್ದೆವು. ನಾನು ಅವರನ್ನು ಏನಂತ ಕರೆಯಿಸಿಕೊಳ್ಳಲು ಇಷ್ಟ ಅಂತ ಒಮ್ಮೆಯಾದರೂ ಕೇಳಿರಲಿಲ್ಲ.

ಬೆಳಗ್ಗೆ ಎದ್ದು ನಾನೇ ಶುರುಮಾಡಬೇಕು ಅಂದುಕೊಂಡೆ. ಸುಲಭ ಅನ್ನಿಸಿತ್ತು. ಮಗು ನನ್ನ ಮಡಿಲಲ್ಲಿತ್ತು, ಬೀಗಿತ್ತಿ ಬಚ್ಚಲಮನೆಯಿಂದ ಬಿಸಿನೀರು ರೆಡಿ ಅಂತ ಕೂಗಿದರು. "ನೋಡು, ಅವ್ವ ಕರೀತಾರ, ಹೋಗು" ಅನ್ನಬೇಕಿತ್ತು. ಬಾಯಿಗೆ ಬಂದ ಮಾತು ಗಂಟಲಲ್ಲಿ ನಿಂತಿತು. ನನ್ನ ತಾಯಿ ಹೋದ ಮೇಲೆ ಹತ್ತೊಂಬತ್ತು ವರ್ಷ ನಾನು ಯಾರನ್ನೂ ಅವ್ವ ಅಂದಿರಲಿಲ್ಲ. ದೇವಿಯ ಹೆಸರು ಬಿಟ್ಟರೆ ಆ ಮಾತು ನನ್ನ ಬಾಯಿಂದ ಬೇರೆ ಹೆಂಗಸಿಗೆ ಹೋಗಿರಲಿಲ್ಲ. ಕಣ್ಣು ತುಂಬಿತು. ಮಗು ನನ್ನ ಗಲ್ಲ ಮುಟ್ಟಿ ನೋಡಿತು. ಎರಡನೇ ಸಲ ಬೀಗಿತ್ತಿ ಕೂಗಿದಾಗ ಹೇಳಿದೆ. "ಅವ್ವ ಕರಿಯಾಕತ್ತಾರ, ನಡಿ."

ಮಗು ಗಲಿಬಿಲಿಗೊಂಡಿತು. ನನ್ನ ಕಡೆ ಬೆರಳು ಮಾಡಿ "ಅವ್ವ" ಅಂದಿತು. "ನಾ ಆಯಿ" ಅಂದೆ. ಬಚ್ಚಲಮನೆಯಲ್ಲಿ ಚೊಂಬಿನ ಸದ್ದು ನಿಂತಿತು. ಬೀಗಿತ್ತಿ ಬಾಗಿಲಿಗೆ ಬಂದು ನಿಂತು, ಒದ್ದೆ ಕೈಯಲ್ಲೇ ಮಗುವನ್ನು ಕರೆದರು. "ಅವ್ವ ದಗ್ಗರಕಿ ರಾ ತಲ್ಲಿ." ಅವ್ವನ ಹತ್ತಿರ ಬಾ ಅಂತ. ಅಷ್ಟು ತೆಲುಗು ನನಗೂ ತಿಳಿಯಿತು.

ಅದೇ ಸಂಜೆ ಏಳಕ್ಕೆ ಫೋನ್ ಬಂತು. ನಾನು ಎತ್ತುವ ಮೊದಲೇ ಬೀಗಿತ್ತಿ ಎತ್ತಿ, ಮಗುವಿನ ಮುಂದೆ ಹಿಡಿದು, "ಮುತ್ಯಾ ಬಂದ್ರು ನೋಡು, ಮುತ್ಯಾ" ಅಂದರು. ಅವರ ಬಾಯಲ್ಲಿ ಅದು ಸ್ವಲ್ಪ ಉದ್ದವಾಗಿ, ಮುತ್ತ್ಯಾ ಅಂತ ಬಂತು. ಆ ಕಡೆ ಯಜಮಾನರು ತೋಟದಲ್ಲಿದ್ದರು. ಏನೋ ಕೇಳಲು ಫೋನ್ ಮಾಡಿದ್ದರು, ಏನು ಅಂತ ಮರೆತೇ ಹೋಯಿತು ಅಂತ ಆಮೇಲೆ ಹೇಳಿದರು.

ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಗು ಎರಡು ವಾರ ಇಬ್ಬರನ್ನೂ ಅವ್ವ ಅಂದಿತು. ಮಗಳಿಗೆ ನನ್ನನ್ನು ಆಯಿ ಅಂತ ಕರೆಯುವುದು ಬೇಡ, ನಾನು ನಿನಗೆ ಅವ್ವನೇ ಅಂತ ಖಡಾಖಂಡಿತ ಹೇಳಿದೆ. ಅವಳು ಮಗುವಿಗೆ ಸುಲಭವಾಗಲಿ ಅಂತ ಬದಲಾಯಿಸಲು ನೋಡುತ್ತಿದ್ದಳು. ಅಷ್ಟು ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ. ಇದರಲ್ಲಿ ಎಲ್ಲವನ್ನೂ ಬಿಡಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಮಕ್ಕಳಿಗೆ ಒಬ್ಬರಿಗೆ ಎರಡು ಹೆಸರು ಇದ್ದರೆ ಕಷ್ಟವಾಗುವುದಿಲ್ಲ. ಅಪ್ಪನನ್ನು ಅಮ್ಮ ಒಂದು ಕರೆಯುತ್ತಾಳೆ, ತಾನು ಒಂದು ಕರೆಯುತ್ತೇನೆ ಅಂತ ಅವಕ್ಕೆ ಮೊದಲೇ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನ ಒಬ್ಬ ಮರಾಠಿ ಹೆಣ್ಣುಮಗಳು, ಮಗು ನನ್ನನ್ನು ಆಯಿ ಅನ್ನುವುದನ್ನು ಕೇಳಿ ನಾನೇ ತಾಯಿಯಾ ಅಂತ ಆಶ್ಚರ್ಯದಿಂದ ಕೇಳಿದಳು. ಅವರಲ್ಲಿ ಆಯಿ ಅಂದರೆ ತಾಯಿ. ನಮ್ಮ ಶಿರಸಿ ಕಡೆಯ ಹವ್ಯಕರ ಮನೆಗಳಲ್ಲೂ ಹಾಗೇ. ಅವಳಿಗೆ ಬಿಡಿಸಿ ಹೇಳಿದೆ.

ಬೀಗರು ಮಾತ್ರ ಇವತ್ತಿಗೂ ಬಿಜಾಪುರ ತಾತ ಅಂತಲೇ ಅನ್ನುತ್ತಾರೆ. ಬೀಗಿತ್ತಿ ಒಂದೆರಡು ಸಲ ತಿದ್ದಿದರು. ಬಿಡ್ರಿ ಅಂದೆ. ಮಗುವಿಗೆ ಯಾರು ಅಂತ ತಿಳಿಯುತ್ತದೆ. ಹೋದ ದಸರೆಗೆ ಎಲ್ಲರೂ ತೋಟಕ್ಕೆ ಬಂದಿದ್ದಾಗ ಇಬ್ಬರು ಗಂಡಸರೂ ಒಂದೇ ಹೊರಸಿನ ಮೇಲೆ ಕೂತು ಮಾವಿಗೆ ನೀರು ಹೆಚ್ಚೋ ನಿಂಬೆಗೆ ಹೆಚ್ಚೋ ಅಂತ ಅರ್ಧ ದಿನ ಮಾತಾಡಿದರು. ಅವರ ನಡುವೆ ಬೇರೆ ಮುನಿಸು ಉಳಿದಿಲ್ಲ.

ಈಗ ಮೊಮ್ಮಗಳಿಗೆ ಐದು ನಡೆಯುತ್ತಿದೆ. ಹೋದ ತಿಂಗಳು ನಾನು ಮತ್ತೆ ಬೆಂಗಳೂರಿಗೆ ಹೋಗಿದ್ದೆ. ಮಗಳು ಅಡುಗೆಮನೆಯಿಂದ "ಅವ್ವಾ, ಖಾರದಪುಡಿ ಎಲ್ಲಿಟ್ಟಿ?" ಅಂದಳು. ಮೊಮ್ಮಗಳು ಬಣ್ಣ ಹಚ್ಚುವುದನ್ನು ಬಿಟ್ಟು ತಲೆ ಎತ್ತಿದಳು.

"ಅಮ್ಮಾ, ಅದು ಅವ್ವ ಅಲ್ಲ, ಆಯಿ."

"ನಿನಗ ಆಯಿ, ನನಗ ಅವ್ವ."

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ಬೀಗಿತ್ತಿಯ ಕಡೆ ತಿರುಗಿದಳು. "ಅವ್ವಾ, ಹಂಗಾದ್ರೆ ನಿಂಗೆ ಅವ್ವ ಯಾರು?"

ಬೀಗಿತ್ತಿ ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ ಮಂಚದ ಅಂಚಿಗೆ ಕೂತರು. ಮಗುವನ್ನು ಹತ್ತಿರ ಎಳೆದುಕೊಂಡರು. ಶ್ರೀನಿವಾಸಪುರದಲ್ಲಿ ಒಬ್ಬಳು ಅವ್ವ ಇದ್ದಳು ಅಂತ ಶುರುಮಾಡಿದರು. ಹುಣಸೆಮರದ ಕೆಳಗಿನ ಮನೆ, ಹಾಸಿಗೆ ಹಿಡಿದ ಮೇಲೂ ಜಡೆ ಹೆಣೆಯಲು ಎದ್ದು ಕೂರುತ್ತಿದ್ದ ಅವ್ವ, ಮಳೆ ಬಂದರೆ ಸೆರಗಿನಲ್ಲಿ ಮುಚ್ಚಿ ಶಾಲೆಯಿಂದ ಕರೆತರುತ್ತಿದ್ದ ಅವ್ವ. ಅರ್ಧ ಕನ್ನಡ, ಅರ್ಧ ತೆಲುಗು. ನನಗೆ ಎಷ್ಟೋ ಮಾತು ತಿಳಿಯಲಿಲ್ಲ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ನಾನು ಎದ್ದು ಹೋಗಿ ಉರಿ ಸಣ್ಣ ಮಾಡಿ, ಖಾರದಪುಡಿಯ ಡಬ್ಬಿ ಮಗಳ ಕೈಗೆ ಕೊಟ್ಟು, ಬಂದು ಮತ್ತೆ ಅವರ ಹತ್ತಿರ ಕೂತೆ.